ಪದಚರ್ಚೆ: ಹವಾಯಿಯ 'ಸ್ಲ್ಯಾಕ್ ಕೀ' ಗಿಟಾರಿಗೆ 'ಸಡಿಲ ಕೀಲಿ' ನಡೆದೀತೇ? (ತುರ್ತು)

ವಾದ್ಯಪ್ರದರ್ಶನವೊಂದರ ಎರಡು ಫಲಕಗಳು ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಒಂದು ಹವಾಯಿಯ ಗಿಟಾರ್ ವಾದಕ ಗ್ಯಾಬಿ ಪಹಿನುಯಿ ಅವರದು. ಅವರ ವಾದನಶೈಲಿಗೆ ಹವಾಯಿ ಭಾಷೆಯಲ್ಲಿ 'ಕೀ ಹೋಅಲು', ಇಂಗ್ಲಿಷಿನಲ್ಲಿ ಸ್ಲ್ಯಾಕ್ ಕೀ. ಕರಡಿನಲ್ಲಿ 'ಸಡಿಲ ಕೀಲಿ ಗಿಟಾರ್' ಎಂದಿದೆ. ಇನ್ನೊಂದು ಹವಾಯಿಯ ರಾಣಿ ಲಿಲಿಉಒಕಲಾನಿಯದು, 'ಅಲೋಹಾ ಓಎ' ಹಾಡಿನವರು. ಅಲ್ಲಿ 'ಹಕು ಮೆಲೆ' (ಹಾಡು ರಚಿಸುವವರು) ಎಂಬ ಪದಕ್ಕೆ ಏನು ಹಾಕಲಿ? ಹೆಸರಿನ ಕೆಳಗೆ ಒಂದೇ ಸಾಲು, ಹದಿನಾಲ್ಕು ಅಕ್ಷರದೊಳಗೆ.
— ವಿ.

ಕೀಲಿ ಬೇಡವೇ ಬೇಡ. ಓದಿದವರಿಗೆ ಬೀಗ ನೆನಪಾಗುತ್ತದೆ. ಇಲ್ಲಿ 'ಕೀ' ತಂತಿ ತಿರುಗಿಸುವ ಕೀ, ನಮ್ಮ ವೀಣೆಯ ಬಿರಡೆ. 'ಸಡಿಲಬಿರಡೆ ಗಿಟಾರ್' ಎನ್ನಿ, ಮುಗಿಯಿತು.
— ಗೋ.

ಮುಗಿಯಲಿಲ್ಲ. ಬಿರಡೆ ಸಡಿಲವಾದರೆ ಶ್ರುತಿಯೇ ನಿಲ್ಲುವುದಿಲ್ಲ, ಅದು ವಾದ್ಯದ ದೋಷ. ಸಡಿಲವಾಗುವುದು ತಂತಿ, ಅದೂ ಎಲ್ಲವೂ ಅಲ್ಲ. ಹೆಚ್ಚು ಬಳಕೆಯಲ್ಲಿರುವ 'ಟಾರೋ ಪ್ಯಾಚ್' ಶ್ರುತಿಯಲ್ಲಿ ಸಾಮಾನ್ಯ ಇ-ಎ-ಡಿ-ಜಿ-ಬಿ-ಇ ಇಂದ 6, 5 ಮತ್ತು 1ನೇ ತಂತಿಗಳನ್ನು ಒಂದೊಂದು ಪೂರ್ಣಸ್ವರ ಇಳಿಸುತ್ತಾರೆ, ಡಿ-ಜಿ-ಡಿ-ಜಿ-ಬಿ-ಡಿ ಆಗುತ್ತದೆ. ಜಿ ಅನ್ನು ಷಡ್ಜ ಮಾಡಿಕೊಂಡರೆ ಪ ಸ ಪ ಸ ಗ ಪ, ಗ ಎಂದರೆ ಅಂತರ ಗಾಂಧಾರ. ಬರಿ ತಂತಿ ಮೀಟಿದರೇ ಸ್ವರಮೇಳ (ಕಾರ್ಡ್) ಕೂಡುತ್ತದೆ. ಹೆಬ್ಬೆರಳು ಕೆಳತಂತಿಗಳಲ್ಲಿ ಪ-ಸ ಹಿಡಿದಿರುವಾಗ ಉಳಿದ ಬೆರಳುಗಳಿಗೆ ಹಾಡು ನುಡಿಸಲು ಬಿಡುವು. 'ವಹಿನೆ' ಶ್ರುತಿಯಲ್ಲಿ 3ನೇ ತಂತಿ ಇನ್ನೂ ಅರ್ಧಸ್ವರ ಕೆಳಗೆ, ಕಾಕಲಿ ನಿಷಾದಕ್ಕೆ. ಅಲ್ಲಿಂದ ಎಡಗೈ ಬೆರಳು ಬಡಿದು ಷಡ್ಜಕ್ಕೆ ಏರುವುದೇ ಅದರ ಸೊಗಸು.

ಇಳಿಸುವಾಗ ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ ಮೇಲಕ್ಕೆ ಬರಬೇಕು, ಇಲ್ಲವಾದರೆ ಬಿರಡೆಯ ಹಲ್ಲುಚಕ್ರದಲ್ಲಿ ಉಳಿದ ಸಡಿಲು ನುಡಿಸುತ್ತಿದ್ದಂತೆ ತಂತಿಯನ್ನು ಇನ್ನೂ ಇಳಿಸುತ್ತದೆ. ಮೂರು ತಂತಿಯ ಬಿಗಿ ಕಡಿಮೆಯಾದ ಮೇಲೆ ಮುಟ್ಟದ ಮೂರು ತುಸು ಏರಿರುತ್ತವೆ, ಅವನ್ನೂ ನೋಡಬೇಕು. 6ನೆಯದು ತೆಳು ತಂತಿಯಾದರೆ ಮೆಟ್ಟಿಲಿಗೆ (ಫ್ರೆಟ್) ತಾಗಿ ಜರ್ರೆನ್ನುತ್ತದೆ. ಆದ್ದರಿಂದ 'ಇಳಿತಂತಿ ಗಿಟಾರ್'.
— ಮೈ.

ಇಳಿತಂತಿ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. 'ಸಡಿಲ'ವೂ ಶಿಥಿಲದ ತದ್ಭವ, ನಮ್ಮದಲ್ಲ. ಅಚ್ಚಗನ್ನಡದ 'ಅಳ್ಳಕ' ಇರುವಾಗ ಈ ಪರದಾಟ ಯಾಕೆ? ಹವಾಯಿಯಲ್ಲಿ 'ಅಲು' ಎಂದರೂ ಸಡಿಲವೇ. ಅಲು, ಅಳ್ಳಕ: ಕಿವಿ ಇದ್ದವರಿಗೆ ಕೇಳಿಸುತ್ತದೆ. ಕಡಲು ದಾಟಿದ ಪದ.
— ಶಂ.

ಕಿವಿಯಿಂದ ನಿರುಕ್ತ ಮಾಡಬೇಡಿ. ಹವಾಯಿಯ ಲಕಾರ ಅದರ ಸೋದರಭಾಷೆ, ನ್ಯೂಜಿಲೆಂಡಿನ ಮಾವೊರಿಯಲ್ಲಿ ರೇಫ (ರಕಾರ): ಅಲೋಹಾ ಅಲ್ಲಿ ಅರೋಹಾ. ಹೋಲಿಸುವುದಿದ್ದರೆ ಮೊದಲು ಆ ಅಕ್ಕತಂಗಿಯರನ್ನು ಹೋಲಿಸಿ, ಆಮೇಲೆ ನಮ್ಮ ಮನೆ ಬಾಗಿಲಿಗೆ ಬನ್ನಿ. ನಿಜಕ್ಕೂ ಗಮನಿಸಬೇಕಾದದ್ದು 'ಹೋ': ನಮ್ಮ '-ಇಸು' ಮಾಡುವ ಕೆಲಸವನ್ನು ಅವರು ಮುಂದೆ ಹಚ್ಚಿ ಮಾಡುತ್ತಾರೆ. ಹೋಅಲು ಎಂದರೆ ಸಡಿಲಿಸು. ಇನ್ನು ತಂತಿ 'ತಂತ್ರೀ'ಯ ತದ್ಭವ, ಕನ್ನಡದೊಂದಿಗೆ ಕೂಡಲು ಅಡ್ಡಿಯಿಲ್ಲ. ವ್ಯಾಕರಣಕಾರ ಕೇಶಿರಾಜನನ್ನು ಇನ್ನೊಮ್ಮೆ ತೆರೆಯಿರಿ.
— ಗೋ.

ತದ್ಭವ ಎಂದು ಹೆಸರಿಟ್ಟ ಮಾತ್ರಕ್ಕೆ ಎರವಲು ಎರವಲಲ್ಲವೇ? ಹೀಗೆಯೇ ಕನ್ನಡ ಕರಗಿದ್ದು.
— ಶಂ.

ಹವಾಯಿಯವರು ಕರಗಿದರೇ? 'ಕೀ' ಇಂಗ್ಲಿಷಿನದು. ಸ್ಟೀಲ್ ಗಿಟಾರ್ ಅವರ ಬಾಯಲ್ಲಿ 'ಕೀಕಾ ಕಿಲಾ': ಸಕಾರ ಇಲ್ಲ, ಒತ್ತಕ್ಷರ ಇಲ್ಲ, ಪದ ಸ್ವರದಲ್ಲೇ ನಿಲ್ಲಬೇಕು. ದನಗಾಹಿಗೆ 'ಪನಿಓಲೋ', ಅದು 'ಎಸ್ಪಾನ್ಯೋಲ್' (ಸ್ಪೇನಿನವ). ನಾವು ಬಸ್ಸು, ಕಾರು ಮಾಡಿಕೊಂಡಂತೆ. ಆ ಭಾಷೆಯನ್ನು ಕುಗ್ಗಿಸಿದ್ದು ಎರವಲಲ್ಲ, 1896ರ ಕಾನೂನು: ಶಾಲೆಯ ಬೋಧನಾಭಾಷೆ ಇಂಗ್ಲಿಷಾಯಿತು.

ವಿ. ಅವರ ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಹಕು ಮೆಲೆಗೆ 'ವಾಗ್ಗೇಯಕಾರ' ಬರೆದೀರಿ, ಜೋಕೆ. ಮಾತು-ಧಾತು (ಸಾಹಿತ್ಯ-ಮಟ್ಟು) ಎರಡೂ ತಮ್ಮವೇ ಆದ ಲಿಲಿಉಒಕಲಾನಿಗೆ ಅದು ಒಪ್ಪೀತು. ಅವರ ಅಣ್ಣ, ರಾಜ ಕಲಾಕೌವನಿಗೆ ಒಪ್ಪದು: 'ಹವಾಯಿ ಪೊನೊಈ' ಗೀತೆಯ ಸಾಹಿತ್ಯ ಅವನದು, ಮಟ್ಟು ಹೆನ್ರಿ ಬರ್ಗರ್‌ದು. ಆದರೂ ಅವನು ಹಕು ಮೆಲೆ. 'ಹಕು' ಹೂಹಾರ ಹೆಣೆಯುವುದಕ್ಕೂ ಬರುತ್ತದೆ. ನಮ್ಮಲ್ಲೂ ಹೂ ಕಟ್ಟುತ್ತೇವೆ, ಪದ ಕಟ್ಟುತ್ತೇವೆ. ಕ್ರಿಯಾಪದ ಒಂದೇ ಇರುವಾಗ ಸಂಯೋಜಕ-ಗಿಂಯೋಜಕ ಯಾಕೆ?
— ಮೈ.

'ಇಳಿತಂತಿ ಗಿಟಾರ್', 'ಹಾಡು ಕಟ್ಟಿದವರು': ಎರಡೂ ಸಾಲಿಗೆ ಕೂತವು, ವಂದನೆ. ಒಂದೇ ಉಳಿದಿದೆ. ಮೂಲಪದವನ್ನೂ ಕೆಳಗೆ ಕೊಡಬೇಕಂತೆ. ಕರಡು ತಿದ್ದಿದವರು ಸಂಧಿ ಮಾಡಿ 'ಹೋವಲು' ಎಂದಿಟ್ಟಿದ್ದಾರೆ.
— ವಿ.

ತೆಗೆಸಿ. ಆ ಎರಡು ಸ್ವರಗಳ ನಡುವೆ ಗಂಟಲು ಕಟ್ಟಿ ಬಿಡುವ ಒಂದು ವ್ಯಂಜನವಿದೆ, 'ಓಕಿನ'. ಅಲ್ಲಿ ವಕಾರಾಗಮ ಸಲ್ಲದು. 'ಹೋಅಲು' ಎಂದು ಸ್ವರಾಕ್ಷರ ಬಿಡಿಯಾಗಿಯೇ ಇರಲಿ.
— ಗೋ.

ಅಳ್ಳಕದ ಬಗ್ಗೆ ಯಾರೂ ಉತ್ತರಿಸಲಿಲ್ಲ.
— ಶಂ.