ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಪೆಂಟಾ, ಪಿಸಿವಿ ಯಾವಾಗ? ತಿಳಿದವರ ಉತ್ತರಗಳು

ಪ್ರಶ್ನೆ (ಸಿಂಧನೂರು): ಮಗಳು 30ನೇ ವಾರಕ್ಕೇ ಹುಟ್ಟಿದಳು, ಆಗ 1.3 ಕೆ.ಜಿ. ಈಗ ಎರಡು ತಿಂಗಳು, 2.3 ಕೆ.ಜಿ. ಪೆಂಟಾ (ಐದು ರೋಗ ತಡೆಯುವ ಲಸಿಕೆ), ಪಿಸಿವಿ (ನ್ಯುಮೊಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ) ಹಾಕಿಸಿಲ್ಲ. ‘ತೂಕ ಹಿಡೀಲಿ, ಆಮೇಲೆ ಅರ್ಧ ಡೋಸ್ ಹಾಕಿಸಿದ್ರಾತು’ ಅಂತಾರೆ ಹಿರಿಯರು. ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ತಡೆಯೋಕೆ ಈ ಲಸಿಕೆಗಳು ಇಂಥ ಕೂಸಿಗೆ ಕೆಲಸ ಮಾಡುತ್ತವಾ?

ಲಸಿಕೆ ಹಾಕುವ ಸಿಸ್ಟರ್: ತೂಕಕ್ಕೆ ಕಾಯಬ್ಯಾಡ್ರಿ ಅಕ್ಕಾರೆ. ಲೆಕ್ಕ ಹುಟ್ಟಿದ ದಿನದಿಂದ, ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಅಲ್ಲ. 6 ವಾರ ಆಗಲೇ ದಾಟಿದೆ, ಈ ಗುರುವಾರವೇ ತಾಯಿ ಕಾರ್ಡ್ ಹಿಡಿದು ಹೋಗಿ. ಪೆಂಟಾ ಎಡತೊಡೆಗೆ, ಪಿಸಿವಿ ಬಲತೊಡೆಗೆ, ಎರಡೂ ಪೂರ್ತಿ 0.5 ಮಿ.ಲೀ. ಅರ್ಧ ಹಾಕಿದರೆ ರಕ್ಷಣೆ ಅರೆಬರೆ, ಆ ಡೋಸ್ ಲೆಕ್ಕಕ್ಕೂ ಬರಲ್ಲ. ಮುಂದಿನ ಪೆಂಟಾಕ್ಕೆ ಕನಿಷ್ಠ 4 ವಾರ, ಪಿಸಿವಿಗೆ 8 ವಾರ ಅಂತರ ಇರಲಿ. ಆಸ್ಪತ್ರೆಯಲ್ಲಿ ಕೂಸಿಗೆ ರಕ್ತ ಏರಿಸಿದ್ದರೂ ಈ ಎರಡಕ್ಕೆ ಅಡ್ಡಿಯಿಲ್ಲ.

ಮಕ್ಕಳ ಡಾಕ್ಟರ್, ಬಳ್ಳಾರಿ: ಮೆನಿಂಜೈಟಿಸ್ ತಡೆಗೆ ಪೆಂಟಾದಲ್ಲಿರುವ ಹಿಬ್ (ಹೀಮೊಫಿಲಸ್ ಇನ್‌ಫ್ಲುಯೆಂಜಾ ಬಿ ಎಂಬ ಬ್ಯಾಕ್ಟೀರಿಯಾ ವಿರುದ್ಧದ) ಭಾಗ ಮತ್ತು ಪಿಸಿವಿ, ಇವೆರಡೇ ಇಲ್ಲಿ ಮುಖ್ಯ. ತಾಯಿಯ ಪ್ರತಿಕಾಯಗಳು ಮಗುವಿಗೆ ದಾಟುವುದು ಹೆಚ್ಚಾಗಿ ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 30 ವಾರಕ್ಕೇ ಹೊರಬಂದ ಕೂಸಿಗೆ ಆ ಬಂಡವಾಳವೇ ಕಡಿಮೆ. ತಡ ಮಾಡಿದಷ್ಟು ದಿನ ಬರಿಗೈ. ಮೊದಲ ಡೋಸುಗಳಿಗೆ, ವಿಶೇಷವಾಗಿ ಹಿಬ್‌ಗೆ, ಇಂಥ ಮಕ್ಕಳಲ್ಲಿ ಪ್ರತಿಕಾಯ ಕಡಿಮೆ ಏಳುವುದು ನಿಜ. ಆದರೂ ಸರಣಿ ಮುಗಿಸಿದವರಲ್ಲಿ ಬಹುಪಾಲು ಮಕ್ಕಳು ರಕ್ಷಣೆಯ ಮಟ್ಟ ಮುಟ್ಟುತ್ತಾರೆ. ಆ ಮಟ್ಟ ಮತ್ತೆ ಇಳಿಯುತ್ತದೆ, ಹಾಗಾಗಿ 9 ತಿಂಗಳ ಪಿಸಿವಿ ಬೂಸ್ಟರ್ ತಪ್ಪಿಸಲೇಬೇಡಿ. ಸರ್ಕಾರಿ ಪಟ್ಟಿಯಲ್ಲಿ 16–24 ತಿಂಗಳಿಗೆ ಸಿಗುವುದು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ), ಅದರಲ್ಲಿ ಹಿಬ್ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ 16–18 ತಿಂಗಳಿಗೆ ಹಿಬ್ ಬೂಸ್ಟರ್ ಹೇಳುತ್ತದೆ. ಅನುಕೂಲವಿದ್ದರೆ ಖಾಸಗಿಯಲ್ಲಿ ಹಾಕಿಸಿ, ಇಂಥ ಕೂಸಿಗೆ ಅದು ದಂಡದ ಖರ್ಚಲ್ಲ.

ನವಜಾತ ಘಟಕದ ನರ್ಸ್, ಕೊಪ್ಪಳ: ಕೂಸು ಆಸ್ಪತ್ರೆಯಲ್ಲಿದ್ದಾಗ ಉಸಿರು ನಿಂತು ನಿಂತು ಬರುತ್ತಿತ್ತಾ? ಹಾಗಿದ್ದರೆ ಮೊದಲ ಡೋಸ್ ಎಲ್ಲಿ ಹಾಕಿಸಬೇಕೆಂದು ನಿಮ್ಮ ಡಾಕ್ಟರನ್ನು ಕೇಳಿ. 28 ವಾರದೊಳಗೆ ಹುಟ್ಟಿ ಇನ್ನೂ ದಾಖಲಾಗಿರುವ ಮಕ್ಕಳನ್ನು ಲಸಿಕೆಯ ನಂತರ 48–72 ಗಂಟೆ ಮಾನಿಟರಿನಲ್ಲಿ ಇಡುತ್ತೇವೆ. ಮನೆಗೆ ಹೋದ ಕೂಸಾದರೆ ಅರ್ಧ ತಾಸು ಅಲ್ಲೇ ಕೂತು, ಎರಡು ದಿನ ಗಮನಿಸಿ. ತುಟಿ ನೀಲಿಯಾದರೆ, 20 ಸೆಕೆಂಡ್ ಉಸಿರು ನಿಂತರೆ, ಹಾಲು ಚೀಪದಿದ್ದರೆ ತಕ್ಷಣ ಆಸ್ಪತ್ರೆಗೆ. ನಮ್ಮ ಕಡೆ ಬಿಸಿಲಲ್ಲೂ ಉಲ್ಲನ್ ಟೋಪಿ, ಎರಡು ದುಪ್ಪಟಿ ಸುತ್ತುತ್ತಾರೆ. ಅದರಿಂದಲೇ ಮೈ ಬಿಸಿಯಾಗಿ ‘ಲಸಿಕೆ ಜ್ವರ’ ಅನಿಸುತ್ತದೆ. ಬಟ್ಟೆ ಸಡಿಲಿಸಿ, ಸ್ವಲ್ಪ ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಡಿ. ಪ್ಯಾರಾಸಿಟಮಾಲ್ ಜ್ವರ ಬಂದರಷ್ಟೇ, ಈಗಿನ ತೂಕ ಹೇಳಿ ಎಷ್ಟು ಹನಿ ಎಂದು ಬರೆಸಿಕೊಳ್ಳಿ. ಮುಂಚೆಯೇ ಕುಡಿಸಿದರೆ ಪ್ರತಿಕಾಯ ತಗ್ಗಬಹುದು.

ಆಶಾ ಮೇಲ್ವಿಚಾರಕಿ: ಒಂದು ಸೇರಿಸ್ತೀನ್ರಿ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಎಲ್ಲಾ ಕಾಲುವೆ ನೀರಿನ ಭತ್ತದ ಸೀಮೆ. ಗದ್ದೆ ನೀರಿನ ಸೊಳ್ಳೆಯಿಂದ ಬರುವ ಜೆಇ (ಜಪಾನೀಸ್ ಎನ್ಸೆಫಲೈಟಿಸ್) ಮೆದುಳು ಜ್ವರವನ್ನು ಪೆಂಟಾ, ಪಿಸಿವಿ ತಡೆಯಲ್ಲ. ಅದರ ಲಸಿಕೆ ಬೇರೆ: 9 ತಿಂಗಳಿಗೊಂದು, 16–24 ತಿಂಗಳಿಗೊಂದು. 9 ತಿಂಗಳ ದಿನ ಎಂಆರ್ (ದಡಾರ-ರುಬೆಲ್ಲಾ ಲಸಿಕೆ), ಪೋಲಿಯೊ ಇಂಜೆಕ್ಷನ್, ಪಿಸಿವಿ, ಜೆಇ ನಾಲ್ಕೂ ಸೇರಿ ಬರುತ್ತವೆ. ‘ಕೂಸು ಸಣ್ಣದು, ಎರಡು ಸಾಕು’ ಅಂತ ಎದ್ದು ಬರೋರು ಬಾಳ ಜನ. ಬೇರೆ ಬೇರೆ ಜಾಗಕ್ಕೆ ಚುಚ್ಚುತ್ತಾರೆ, ನಾಲ್ಕೂ ಅವತ್ತೇ ಆಗಲಿ.