ಡಬಲ್ ಲೈನ್ ಆದ ಮೇಲೂ ಗೂಡ್ಸ್ ಗಾಡಿ ಯಾಕೆ ನಿಲ್ಲುತ್ತದೆ?

ಮಂಡಿಪೇಟೆ ವರ್ತಕ:
ಮೊನ್ನೆ ದಾವಣಗೆರೆಯಿಂದ ಚಿಕ್ಕಜಾಜೂರಿನ ಕಡೆ ಹೋಗುವಾಗ ಒಂದು ಸಣ್ಣ ಸ್ಟೇಷನ್ ಹತ್ತಿರ ಬೈಕ್ ನಿಲ್ಲಿಸಿದ್ದೆ. ಲೂಪ್ ಲೈನಿನಲ್ಲಿ, ಅಂದರೆ ಮೇನ್ ಲೈನಿನ ಪಕ್ಕ ಗಾಡಿ ನಿಲ್ಲಿಸುವ ಹಳಿಯಲ್ಲಿ, ಗೂಡ್ಸ್ ಗಾಡಿ ನಿಂತಿತ್ತು. ವಂದೇ ಭಾರತ್ ಹೋಯಿತು. ಅದರ ಹಿಂದೆ ಒಂದು ಎಕ್ಸ್‌ಪ್ರೆಸ್ ಹೋಯಿತು. ಗೂಡ್ಸ್ ಮಾತ್ರ ಅಲ್ಲೇ ಇತ್ತು. ನಾನು ಅರ್ಧ ಗಂಟೆ ನಿಂತು ಹೊರಟರೂ ಅದಕ್ಕೆ ಸಿಗ್ನಲ್ ಬಿದ್ದಿರಲಿಲ್ಲ.

ನನ್ನದು ಗೊಬ್ಬರ ಮತ್ತು ಮೆಕ್ಕೆಜೋಳದ ವ್ಯಾಪಾರ. ಮಳೆ ಬಿದ್ದ ವಾರ ಗೊಬ್ಬರದ ರೇಕ್ (ಒಂದು ಗೂಡ್ಸ್ ಗಾಡಿಯ ಪೂರ್ತಿ ವ್ಯಾಗನ್ ಸಾಲು) ಎರಡು ದಿನ ತಡವಾದರೆ ರೈತರು ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಹುಬ್ಬಳ್ಳಿ ದಾರಿ ಪೂರ್ತಿ ಡಬಲ್ ಆಯಿತು, ಕರೆಂಟ್ ಬಂತು. ಆದರೂ ಯಾಕೆ ಹೀಗೆ? ರಾತ್ರಿ ಐದಾರು ಗಂಟೆ ಹಳಿಯನ್ನು ಗೂಡ್ಸ್ ಗಾಡಿಗಳಿಗೇ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ತಿಳಿದವರು ಹೇಳಿ.

ದುರ್ಗದ ಮೇಷ್ಟ್ರು:
ಸಾಹುಕಾರ್ರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ರಾತ್ರಿಯೇ ಬೆಂಗಳೂರಿಗೆ ಹೋಗಿ ಬೆಳಗ್ಗೆ ಆಸ್ಪತ್ರೆಗೋ ಇಂಟರ್ವ್ಯೂಗೋ ನಿಲ್ಲಬೇಕಾದವರು ಸಾವಿರಾರು ಜನ. ಚಿತ್ರದುರ್ಗದವರಿಗೆ ನೇರ ದಾರಿಯೇ ಇಲ್ಲ. ಚಿಕ್ಕಜಾಜೂರಿಗೆ ಹೋಗಿ, ಬೀರೂರು, ಅರಸೀಕೆರೆ ಸುತ್ತಿ ಹೋಗಬೇಕು. ಅದಕ್ಕೇ ಎಲ್ಲರೂ ಬಸ್ಸು ಹತ್ತುತ್ತಾರೆ. ಇರುವ ನಾಲ್ಕು ಗಾಡಿಗಳನ್ನೂ ಚೀಲಗಳಿಗಾಗಿ ತಡೆಯಿರಿ ಅಂದರೆ ಹೇಗೆ? ಚೀಲ ಒಂದು ದಿನ ಕಾಯುತ್ತದೆ. ಮನುಷ್ಯ ಕಾಯುವುದಿಲ್ಲ.

ಮಂಡಿಪೇಟೆ ವರ್ತಕ:
ಮೇಷ್ಟ್ರೇ, ರೈಲ್ವೆಗೆ ಬರುವ ದುಡ್ಡಿನಲ್ಲಿ ಹತ್ತತ್ರ ಮೂರನೇ ಎರಡು ಭಾಗ ಸರಕಿನಿಂದಲೇ ಬರುತ್ತದೆ. ಪ್ಯಾಸೆಂಜರ್ ಟಿಕೆಟ್‌ನ ನಷ್ಟವನ್ನು ತುಂಬುವುದೂ ಅದೇ. ಆ ಚೀಲ ಕಾಯುವಾಗ ನಿಮ್ಮ ಟಿಕೆಟ್ ದರವೂ ಅದರ ಜೊತೆಗೇ ಕಾಯುತ್ತಿರುತ್ತದೆ.

ಹಳೇ ಗಾರ್ಡ್:
ನಾನು ಗೂಡ್ಸ್ ಗಾಡಿಗಳಲ್ಲಿ ಗಾರ್ಡ್ ಆಗಿ ಕೆಲಸ ಮಾಡಿ ನಿವೃತ್ತಿಯಾದವನು. ಈಗ ಆ ಹುದ್ದೆಯನ್ನು ಟ್ರೈನ್ ಮ್ಯಾನೇಜರ್ ಅನ್ನುತ್ತಾರೆ, 2022ರಲ್ಲಿ ಹೆಸರು ಬದಲಾಯಿತು.

ಗೂಡ್ಸ್ ಗಾಡಿ ನಿಂತಿದ್ದನ್ನು ನೀವು ನೋಡಿದಿರಿ. ನಿಂತ ಗಾಡಿ ಮತ್ತೆ ಹೊರಡುವುದನ್ನೂ ನೋಡಬೇಕಿತ್ತು. ಅದಿರು ತುಂಬಿದ 58 ವ್ಯಾಗನ್ನಿನ ಗಾಡಿ ಅಂದರೆ ಸುಮಾರು 650 ಮೀಟರ್ ಉದ್ದ. ನಮ್ಮ ಸ್ಟೇಷನ್ನಿನ ಲೂಪ್ ಲೈನಿನ ಮಾಮೂಲು ಅಳತೆ 686 ಮೀಟರ್. ಗಾಡಿ ಹಿಡಿದರೆ ಸರಿಯಾಗಿ ಹಿಡಿಯುತ್ತದೆ ಅಷ್ಟೇ. ಲೂಪ್‌ನಿಂದ ಮೇನ್ ಲೈನಿಗೆ ಬರುವಾಗ ಪಾಯಿಂಟ್ಸ್ (ಗಾಡಿ ಹಳಿ ಬದಲಿಸುವ ಜಾಗ) ಮೇಲೆ ವೇಗ ಗಂಟೆಗೆ 30 ಕಿ.ಮೀ. ದಾಟುವಂತಿಲ್ಲ. ಇಂಜಿನ್ ಮುಂದೆ ಹೋಯಿತು ಅಂತ ವೇಗ ಏರಿಸುವಂತೆಯೂ ಇಲ್ಲ. ಗಾಡಿಯ ಕೊನೆಯಲ್ಲಿರುವ ನನ್ನ ಬ್ರೇಕ್ ವ್ಯಾನ್ ಪಾಯಿಂಟ್ಸ್ ದಾಟುವ ತನಕ ಹಾಗೇ ತೆವಳಬೇಕು. ಆಮೇಲೆ ಸಾವಿರಾರು ಟನ್ ಮೆಲ್ಲಗೆ ವೇಗ ಹಿಡಿಯಬೇಕು. ಒಂದು ಸಲ ನಿಲ್ಲಿಸಿದರೆ ನಿಂತ ಹೊತ್ತಷ್ಟೇ ಅಲ್ಲ, ಮುಂದಿನ ಸೆಕ್ಷನ್ನಿನಲ್ಲೂ ನಿಮಿಷಗಳು ಹೋಗುತ್ತವೆ. ಅಷ್ಟು ಹೊತ್ತು ಹಿಂದಿನ ಗಾಡಿಗೆ ದಾರಿ ಇಲ್ಲ.

ಪೇಚಾಡಬೇಕಾದ್ದು ಯಾವ ಗಾಡಿ ಮೊದಲು ಬಿಡಬೇಕು ಅಂತ ತೀರ್ಮಾನಿಸುವ ಮೈಸೂರು ಕಂಟ್ರೋಲ್ ಆಫೀಸಿನಲ್ಲಿ ಕೂತವರು. ಎಕ್ಸ್‌ಪ್ರೆಸ್ ತಡವಾದರೆ ಎಲ್ಲರೂ ಕೇಳುತ್ತಾರೆ, ಗೂಡ್ಸ್ ತಡವಾದರೆ ಕೇಳುವವರು ಕಡಿಮೆ. ಹೀಗಾಗಿ ಅನುಮಾನ ಬಂದಾಗಲೆಲ್ಲ ಗೂಡ್ಸ್ ಲೂಪ್‌ಗೆ ಹೋಗುತ್ತದೆ.

ಯುಬಿಡಿಟಿ ಹುಡುಗಿ:
ಗಾರ್ಡ್ ಅಂಕಲ್ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ನಾನು ಸಿವಿಲ್ ಓದಿದವಳು, ಸಾರಿಗೆ ವಿಷಯದಲ್ಲೇ ಪ್ರಾಜೆಕ್ಟ್ ಮಾಡಿದ್ದೆ.

ಹಳಿಯ ಸಾಮರ್ಥ್ಯ ಅಳೆಯಲು ನಮ್ಮಲ್ಲಿ ಹಳೆಯದೊಂದು ಸ್ಕಾಟ್ ಸೂತ್ರ ಇದೆ. ದಿನದ 1440 ನಿಮಿಷವನ್ನು, ಒಂದು ಗಾಡಿ ಎರಡು ಸ್ಟೇಷನ್ ನಡುವೆ ಓಡುವ ಸಮಯ ಮತ್ತು ಸಿಗ್ನಲ್ ಕೆಲಸದ ಸಮಯ ಎರಡೂ ಸೇರಿದ ಮೊತ್ತದಿಂದ ಭಾಗಿಸಬೇಕು. ಬಂದದ್ದರಲ್ಲಿ ಶೇ. 70 ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಓಟಕ್ಕೆ 10 ನಿಮಿಷ, ಸಿಗ್ನಲ್‌ಗೆ 5 ನಿಮಿಷ ಅಂದುಕೊಳ್ಳಿ. ದಿನಕ್ಕೆ 67 ಗಾಡಿ. ಓಟ 15 ನಿಮಿಷಕ್ಕೆ ಏರಿದರೆ 50. ಹಳಿ ಅದೇ, ಸಿಗ್ನಲ್ ಅದೇ. ನಿಧಾನವಾಗಿದ್ದಕ್ಕೇ 17 ಗಾಡಿಯ ಜಾಗ ಹೋಯಿತು.

ಇದಕ್ಕಿಂತ ದೊಡ್ಡ ಹೊಡೆತ ಬೇರೆ ಬೇರೆ ವೇಗದ ಗಾಡಿಗಳು ಒಂದೇ ಹಳಿ ಮೇಲೆ ಓಡುವುದರಿಂದ ಬರುತ್ತದೆ. 100 ಕಿ.ಮೀ. ದಾರಿ ಇದೆ ಅನ್ನಿ. ಎಲ್ಲಾ ಗಾಡಿಗಳ ವೇಗ ಒಂದೇ ಇದ್ದರೆ 10 ನಿಮಿಷಕ್ಕೊಂದು ಬಿಡಬಹುದು. ಈಗ 6 ಗಂಟೆಗೆ 50 ಕಿ.ಮೀ. ವೇಗದ ಗೂಡ್ಸ್ ಹೊರಟಿದೆ, ಅದು ಮುಟ್ಟುವುದು 8ಕ್ಕೆ. ಅದರ ಹಿಂದೆ 100 ಕಿ.ಮೀ. ವೇಗದ ಎಕ್ಸ್‌ಪ್ರೆಸ್ ಬಿಡಬೇಕು. ದಾರಿಯಲ್ಲಿ ಗೂಡ್ಸ್ ಅಡ್ಡ ಬರಬಾರದು ಅಂದರೆ 7.10ರ ತನಕ ಕಾಯಬೇಕು. ಏಳು ಗಾಡಿ ಹೋಗುವ ಹೊತ್ತಿನಲ್ಲಿ ಒಂದೇ ಹೋಯಿತು. ಕಾಯುವುದು ಬೇಡ ಅಂದರೆ ಗೂಡ್ಸನ್ನು ನಡುವೆ ಲೂಪ್‌ಗೆ ಹಾಕಬೇಕು. ಸಾಹುಕಾರ್ ಅಂಕಲ್ ನೋಡಿದ್ದು ಅದನ್ನೇ. ಡಬಲ್ ಲೈನ್ ಮಾಡಿದರೆ ಎದುರಿನ ಗಾಡಿಗೆ ಕಾಯುವ ಕ್ರಾಸಿಂಗ್ ತಪ್ಪುತ್ತದೆ. ಹಿಂದಿನಿಂದ ಬರುವ ವೇಗದ ಗಾಡಿಗೆ ದಾರಿ ಬಿಡುವುದು ತಪ್ಪುವುದಿಲ್ಲ.

2020ರಲ್ಲಿ ಇದು ಕಣ್ಣಿಗೇ ಕಂಡಿತು. ಕೋವಿಡ್‌ನಿಂದ ಪ್ಯಾಸೆಂಜರ್ ಗಾಡಿಗಳು ಬಹುಪಾಲು ನಿಂತಿದ್ದವು. ದೇಶದಲ್ಲಿ ಗೂಡ್ಸ್ ಗಾಡಿಗಳ ಸರಾಸರಿ ವೇಗ ಗಂಟೆಗೆ ಸುಮಾರು 23 ಕಿ.ಮೀ. ಇದ್ದದ್ದು ಜುಲೈ ಹೊತ್ತಿಗೆ 45 ಮುಟ್ಟಿತು. ಅದೇ ಇಂಜಿನ್, ಅದೇ ಹಳಿ, ಅದೇ ಡ್ರೈವರ್‌ಗಳು.

ದುರ್ಗದ ಮೇಷ್ಟ್ರು:
ಅಂದರೆ ನಮ್ಮ ಗಾಡಿ ನಿಲ್ಲಿಸಿದರೆ ಎಲ್ಲಾ ಸರಿಹೋಗುತ್ತದೆ ಅನ್ನುತ್ತೀಯಾ ತಾಯಿ?

ಯುಬಿಡಿಟಿ ಹುಡುಗಿ:
ಇಲ್ಲ ಸಾರ್, ಖಂಡಿತ ಇಲ್ಲ. ಹಳಿಯನ್ನು ತುಂಬಿ ತುಳುಕಿಸಬಾರದು ಅನ್ನುವುದಷ್ಟೇ ನನ್ನ ಮಾತು. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟದ 406 ಅನ್ನುವ ಅಳತೆ ವಿಧಾನ ಇದೆ. ವೇಳಾಪಟ್ಟಿಯ ಗಾಡಿಗಳನ್ನೆಲ್ಲ ಒತ್ತಿ ಒತ್ತಿ ಜೋಡಿಸಿ, ಹಳಿ ಎಷ್ಟು ಹೊತ್ತು ತುಂಬಿರುತ್ತದೆ ಅಂತ ಅದು ನೋಡುತ್ತದೆ. ಎಲ್ಲಾ ತರದ ಗಾಡಿ ಓಡುವ ದಾರಿಯಲ್ಲಿ ದಿನದ ಲೆಕ್ಕಕ್ಕೆ ಶೇ. 60, ಜಾಸ್ತಿ ಓಡಾಟದ ಹೊತ್ತಿನಲ್ಲಿ ಶೇ. 75 ದಾಟಬಾರದು ಅನ್ನುತ್ತದೆ.

ಯಾಕೆ ಅಂತ ಎಪಿಎಂಸಿ ವೇಬ್ರಿಜ್ ನೆನಪಿಸಿಕೊಳ್ಳಿ. ಒಂದು ಲಾರಿ ತೂಗಲು ಸರಾಸರಿ 5 ನಿಮಿಷ. ಲಾರಿಗಳು ಹೇಗೆಂದರೆ ಹಾಗೆ ಬರುತ್ತವೆ. ವೇಬ್ರಿಜ್ ಅರ್ಧ ಹೊತ್ತು ಖಾಲಿ ಇದ್ದರೆ ಒಬ್ಬ ಡ್ರೈವರ್ ಸರಾಸರಿ 5 ನಿಮಿಷ ಕಾಯುತ್ತಾನೆ. ಶೇ. 80 ತುಂಬಿದ್ದರೆ 20 ನಿಮಿಷ. 90 ಆದರೆ 45. 95 ಆದರೆ ಒಂದೂವರೆ ಗಂಟೆ. ಕೊನೆಯ ನಾಲ್ಕು ಲಾರಿ ಬಂದು ಎಲ್ಲರನ್ನೂ ಸಿಕ್ಕಿಹಾಕಿಸುತ್ತವೆ. ಹಳಿಗೂ ಇದೇ ಲೆಕ್ಕ. ಗಾಡಿ ಜಾಸ್ತಿ ಬೇಕು ಅಂತ ನಾವೆಲ್ಲ ಕೇಳುತ್ತೇವೆ. ತುಂಬಿದ ಹಳಿಗೆ ಇನ್ನೊಂದು ಸೇರಿಸಿದರೆ ಇರುವವೂ ತಡವಾಗುತ್ತವೆ.

ಹಳೇ ಗಾರ್ಡ್:
ಸರಿಯಾಗಿ ಹೇಳಿದೆ ಮಗಳೇ. ಒಂದು ಮಾತು ಮಾತ್ರ ಸೇರಿಸುತ್ತೇನೆ. ರಾತ್ರಿ ಪೂರ್ತಿ ಗೂಡ್ಸ್‌ಗೆ ಬಿಡಿ ಅನ್ನುವವರು ಗ್ಯಾಂಗ್‌ಮನ್‌ಗಳನ್ನು ಮರೆಯಬಾರದು. ಹಳಿ ರಿಪೇರಿಗೂ ಗಾಡಿ ಇಲ್ಲದ ಹೊತ್ತು ಬೇಕು. ಹಿಂದೆ ಆ ಹೊತ್ತು ಕೇಳಿ ಕೇಳಿ ಸುಸ್ತಾಗುತ್ತಿದ್ದರು.

ಚನ್ನಗಿರಿ ಲಾರಿ:
ಎಲ್ಲರೂ ಹಳಿ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಹತ್ತಿರ ಮೂರು ಲಾರಿ ಇವೆ. ಅಡಿಕೆ ಉತ್ತರ ಭಾರತಕ್ಕೆ ಒಯ್ಯುತ್ತೇನೆ. ರೈಲಿಗೆ ಹಾಕಬಾರದಾ ಅಂತ ಎಷ್ಟೋ ಜನ ಕೇಳುತ್ತಾರೆ. 20 ಟನ್ ಅಡಿಕೆ ಇದ್ದವನು ಪೂರ್ತಿ ರೇಕ್ ತುಂಬುವುದು ಹೇಗೆ ಅಣ್ಣಾ? ನಾನು ಮನೆ ಬಾಗಿಲಿಗೆ ಹೋಗಿ ತುಂಬಿಕೊಳ್ಳುತ್ತೇನೆ, ಅಲ್ಲಿನ ಗೋಡೌನ್ ಬಾಗಿಲಲ್ಲಿ ಇಳಿಸುತ್ತೇನೆ. ಯಾವ ದಿನ ಮುಟ್ಟುತ್ತದೆ ಅಂತ ಹೊರಡುವಾಗಲೇ ಮಾತು ಕೊಡುತ್ತೇನೆ. ಗೂಡ್ಸ್ ಗಾಡಿ ಆ ಮಾತು ಕೊಡುತ್ತದಾ? 1951ರಲ್ಲಿ ದೇಶದ ಸರಕಿನಲ್ಲಿ ಶೇ. 80ಕ್ಕಿಂತ ಜಾಸ್ತಿ ರೈಲಿನಲ್ಲಿ ಹೋಗುತ್ತಿತ್ತಂತೆ. ಈಗ 30ಕ್ಕಿಂತ ಕಡಿಮೆ. 2030ರ ಹೊತ್ತಿಗೆ 45 ಮಾಡುತ್ತೇವೆ ಅನ್ನುತ್ತಾರೆ. ದಿನ, ಗಂಟೆ ಹೇಳದೆ ಅದು ಆಗುವುದಿಲ್ಲ.

ಹಮಾಲರ ಮಗಳು:
ಇಷ್ಟು ಹೊತ್ತು ಓದಿದೆ. ಎಲ್ಲರೂ ಗಾಡಿ ಓಡುವುದರ ಬಗ್ಗೆ ಹೇಳಿದಿರಿ. ಅದು ನಿಂತು ಖಾಲಿಯಾಗುವುದರ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮಪ್ಪ ಗೂಡ್ಸ್ ಶೆಡ್‌ನಲ್ಲಿ ಹಮಾಲಿ ಮಾಡಿ ನಮ್ಮನ್ನು ಓದಿಸಿದವರು. 42 ವ್ಯಾಗನ್ನಿನ ಮುಚ್ಚಿದ ರೇಕ್‌ನಲ್ಲಿ ಸುಮಾರು 2,600 ಟನ್ ಬರುತ್ತದೆ. 50 ಕೆ.ಜಿ. ಚೀಲ ಅಂದರೆ 52,000 ಚೀಲ. ಒಂದೊಂದನ್ನೂ ಒಬ್ಬರು ಬೆನ್ನ ಮೇಲೆ ಹೊತ್ತು ವ್ಯಾಗನ್‌ನಿಂದ ಲಾರಿಗೆ ಹಾಕಬೇಕು. ಇಷ್ಟು ಗಂಟೆಯೊಳಗೆ ಖಾಲಿ ಮಾಡಬೇಕು ಅಂತ ಲೆಕ್ಕ ಇರುತ್ತದೆ. ಮೀರಿದರೆ ಡೆಮರೇಜ್ ಅಂತ ದಂಡ. ವರ್ತಕರು ಬೈಯುವುದು ಮೇಸ್ತ್ರಿಗೆ, ಮೇಸ್ತ್ರಿ ಬೈಯುವುದು ಅಪ್ಪನಿಗೆ.

ನಾನು ಚಿಕ್ಕವಳಿದ್ದಾಗ ರಾತ್ರಿ ಬುತ್ತಿ ಕೊಡಲು ಹೋಗುತ್ತಿದ್ದೆ. ಆ ಶೆಡ್‌ನಲ್ಲಿ ದೀಪ ಎರಡೋ ಮೂರೋ. ಪ್ಲಾಟ್‌ಫಾರ್ಮ್ ನೆಲ ಕಿತ್ತುಹೋಗಿತ್ತು. ಮಳೆ ಬಂದರೆ ತಾಡಪಾಲು ಹಿಡಿದು ನಿಲ್ಲುವುದೇ ಕೆಲಸ, ಹೊರುವುದು ಬಂದ್. ಲಾರಿ ಸಾಲದೆ ಚೀಲ ಅಲ್ಲೇ ರಾಶಿ ಬೀಳುತ್ತಿತ್ತು. ಅಪ್ಪ ಚೀಲದ ಮೇಲೇ ಕೂತು ಲಾರಿಗೆ ಕಾಯುತ್ತಿದ್ದರು. ಇಡೀ ರೇಕ್ ಹಳಿ ಮೇಲೆ ನಿಂತಿರುತ್ತಿತ್ತು. ಅದರ ಹಿಂದಿನ ರೇಕ್‌ಗೆ ಜಾಗ ಇಲ್ಲ. ಅದು ಇನ್ಯಾವುದೋ ಸ್ಟೇಷನ್ನಿನ ಲೂಪ್‌ನಲ್ಲಿ ಕಾಯಬೇಕು. ಅಂಕಲ್, ನೀವು ನೋಡಿದ ಗಾಡಿ ವಂದೇ ಭಾರತ್‌ಗೆ ಕಾಯುತ್ತಿತ್ತೋ, ಮುಂದಿನ ಶೆಡ್ ಖಾಲಿಯಾಗಲಿ ಅಂತ ಕಾಯುತ್ತಿತ್ತೋ? ಎರಡು ಗಾಡಿ ಹೋದ ಮೇಲೂ ಸಿಗ್ನಲ್ ಬೀಳಲಿಲ್ಲ ಅಂದಿರಲ್ಲ.

ಹಳೇ ಗಾರ್ಡ್:
ತಂಗಿ, ಇದು ಸರಿಯಾದ ಪ್ರಶ್ನೆ. ಮುಂದೆ ಜಾಗ ಇಲ್ಲ ಅಂತ ನಿಲ್ಲಿಸಿದ ಗಾಡಿಗಳಲ್ಲಿ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ. ಡ್ಯೂಟಿ ಗಂಟೆ ಮುಗಿದು, ಬೇರೆ ಡ್ರೈವರ್ ಬರುವ ತನಕ ಗಾಡಿ ಹಾಗೇ ಬಿದ್ದಿರುತ್ತಿತ್ತು.

ಯುಬಿಡಿಟಿ ಹುಡುಗಿ:
ಅಕ್ಕಾ, ನಿಮ್ಮ ಮಾತು ಓದಿ ನನ್ನ ಲೆಕ್ಕವನ್ನೇ ತಿದ್ದಿಕೊಂಡೆ. ಒಂದು ವ್ಯಾಗನ್ ಒಮ್ಮೆ ತುಂಬಿದ ಮೇಲೆ ಮುಂದಿನ ಸಲ ತುಂಬುವ ತನಕ ದೇಶದ ಸರಾಸರಿ ಸುಮಾರು 5 ದಿನ. ಅದರಲ್ಲಿ ಓಡುವ ಹೊತ್ತು ಕಡಿಮೆ. ತುಂಬುವುದು, ಇಳಿಸುವುದು, ಯಾರ್ಡ್‌ನಲ್ಲಿ ಕಾಯುವುದೇ ಜಾಸ್ತಿ. 5 ದಿನವನ್ನು 4ಕ್ಕೆ ಇಳಿಸಿದರೆ ಹೊಸ ವ್ಯಾಗನ್ ಕೊಳ್ಳದೆ ಶೇ. 25 ಹೆಚ್ಚು ಲೋಡ್ ಸಾಗಿಸಬಹುದು. ಶೆಡ್‌ಗೆ ನಾಲ್ಕು ದೀಪ, ಗಟ್ಟಿ ನೆಲ, ಮೇಲೊಂದು ಸೂರು ಹಾಕುವ ಖರ್ಚನ್ನು ಹೊಸ ಲೈನಿನ ಖರ್ಚಿನ ಪಕ್ಕ ಇಟ್ಟು ನೋಡಿ.

ದುರ್ಗದ ಮೇಷ್ಟ್ರು:
ಹೊಸ ಲೈನ್ ಬೇಡ ಅನ್ನಬೇಡ ತಾಯಿ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ 191 ಕಿ.ಮೀ. ಲೈನ್ 2011-12ರಲ್ಲೇ ಮಂಜೂರಾಯಿತು. ಅರ್ಧ ಖರ್ಚು ರಾಜ್ಯದ್ದು, ಜಮೀನೂ ರಾಜ್ಯ ಕೊಡಬೇಕು. ಆಗ ನನ್ನ ಹತ್ತಿರ ಏಳನೇ ಕ್ಲಾಸು ಓದುತ್ತಿದ್ದ ಹುಡುಗರಿಗೆ ಈಗ ಮಕ್ಕಳಾಗಿವೆ. ನೀನು ಹೇಳಿದ ಲೆಕ್ಕದ ಪ್ರಕಾರವೇ ಅದು ಬೇಕು. ವೇಗದ ಗಾಡಿಗಳು ಆ ಹತ್ತಿರದ ದಾರಿಯಲ್ಲಿ ಹೋಗಲಿ. ಬೀರೂರು ದಾರಿಯಲ್ಲಿ ಗೂಡ್ಸ್‌ಗೆ ಜಾಗ ಸಿಗುತ್ತದೆ.

ಯುಬಿಡಿಟಿ ಹುಡುಗಿ:
ಒಪ್ಪಿದೆ ಸಾರ್. ಉತ್ತರದಲ್ಲಿ ಸರಕಿಗೇ ಬೇರೆ ಹಳಿ ಹಾಕಿದ್ದಾರೆ. ಪೂರ್ವ ಕಾರಿಡಾರ್ 1,337 ಕಿ.ಮೀ., ಪಶ್ಚಿಮ ಕಾರಿಡಾರ್ 1,506 ಕಿ.ಮೀ. ಎರಡೂ ಕರ್ನಾಟಕ ಮುಟ್ಟುವುದಿಲ್ಲ. ನಮಗೆ ವೇಗ ಬೇರ್ಪಡಿಸುವ ದಾರಿ ಅಂದರೆ ಈ ಹೊಸ ಲೈನೇ. ಆದರೆ ಅದು ಬರುವ ತನಕ ಶೆಡ್ ಕಾಯಬಾರದು.

ಮಂಡಿಪೇಟೆ ವರ್ತಕ:
ಮೇಷ್ಟ್ರೇ, ರಾತ್ರಿ ಪೂರ್ತಿ ಬಿಡಿ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಶೆಡ್ ವಿಷಯದಲ್ಲಿ ವರ್ತಕರ ತಪ್ಪೂ ಇದೆ. ರೇಕ್ ಬರುವ ಸುದ್ದಿ ಮೊದಲೇ ಇರುತ್ತದೆ. ಲಾರಿ ಮಾತ್ರ ಬಂದ ಮೇಲೆ ಹುಡುಕುತ್ತೇವೆ. ಗೋಡೌನ್ ಬಾಡಿಗೆ ಉಳಿಯಲಿ ಅಂತ ಚೀಲವನ್ನು ಶೆಡ್‌ನಲ್ಲೇ ಬಿಡುವವರೂ ಇದ್ದಾರೆ. 2021ರಲ್ಲಿ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿ ಬಂದಿದೆ, ಖಾಸಗಿಯವರೂ ಟರ್ಮಿನಲ್ ಕಟ್ಟಬಹುದು. ಊರಾಚೆ ಹೈವೇ ಪಕ್ಕ ಒಂದು ಮಾಡಿದರೆ ಸಿಟಿಯೊಳಗೆ ಲಾರಿ ನುಗ್ಗುವುದೂ ತಪ್ಪುತ್ತದೆ.

ಚನ್ನಗಿರಿ ಲಾರಿ:
ಅಲ್ಲಿ ನಾಲ್ಕೈದು ವರ್ತಕರ ಮಾಲು ಸೇರಿಸಿ ಒಂದು ರೇಕ್ ಮಾಡಿ, ಹೊರಡುವ ದಿನ ಗಟ್ಟಿ ಮಾಡಿದರೆ ಅಡಿಕೆ ನಾನೇ ತಂದು ಇಳಿಸುತ್ತೇನೆ. ದೂರದ ಓಟ ರೈಲಿನದ್ದು, ಹತ್ತಿರದ ಓಟ ನನ್ನದು.

ಹಮಾಲರ ಮಗಳು:
ಊರಾಚೆ ಅಂದಿರಲ್ಲ ಅಂಕಲ್, ಅಲ್ಲೇ ನನಗೆ ಭಯ. ಹಮಾಲರ ಮನೆಗಳಿರುವುದು ಈಗಿನ ಶೆಡ್ ಸುತ್ತ. ರೇಕ್ ರಾತ್ರಿ 2ಕ್ಕೆ ಬಂದರೆ ಎದ್ದು ನಡೆದುಕೊಂಡು ಹೋಗುತ್ತಾರೆ. ಟರ್ಮಿನಲ್ 15 ಕಿ.ಮೀ. ಆಚೆ ಹೋದರೆ ಆ ಹೊತ್ತಿನಲ್ಲಿ ಯಾವ ಬಸ್ಸು? ಬರಲಾಗದವರ ಜಾಗಕ್ಕೆ ಮಷಿನ್ ಬರುತ್ತದೆ. ಚೀಲ ಹೊತ್ತು ಬೆನ್ನು ಹೋಗುವುದು ನನಗೂ ಬೇಡ, ಮಷಿನ್ ಬರಲಿ. ಅದನ್ನು ನಡೆಸುವ ಕೆಲಸ ಯಾರಿಗೆ ಅಂತ ಮೊದಲೇ ಬರೆದುಕೊಡಿ.

ಮಂಡಿಪೇಟೆ ವರ್ತಕ:
ನ್ಯಾಯವಾದ ಮಾತಮ್ಮ. ಬರುವ ತಿಂಗಳು ನಾವು ವರ್ತಕರು ಸೇರುತ್ತೇವೆ. ನಿಮ್ಮ ತಂದೆಯವರನ್ನೂ ಮೇಸ್ತ್ರಿಗಳನ್ನೂ ಕರೆದುಕೊಂಡು ಬನ್ನಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡುತ್ತೇನೆ. ನನ್ನ ಹೆಸರಿಗೆ ಬರುವ ಪ್ರತಿ ರೇಕ್ ಎಷ್ಟು ಗಂಟೆಗೆ ಬಂತು, ಮೊದಲ ಲಾರಿ ಯಾವಾಗ ಹಚ್ಚಿದೆವು, ಕೊನೆಯ ಚೀಲ ಯಾವಾಗ ಇಳಿಯಿತು ಅಂತ ಬರೆದಿಡುತ್ತೇನೆ.

ಹಳೇ ಗಾರ್ಡ್:
ಮಳೆ ಬಂದ ಹೊತ್ತನ್ನೂ ಬರೆಯಿರಿ ಸಾಹುಕಾರ್ರೇ. ಅದನ್ನು ಬಿಟ್ಟರೆ ಎಲ್ಲಾ ತಪ್ಪೂ ಹಮಾಲರ ಮೇಲೆ ಬರುತ್ತದೆ.