ಆನ್‌ಲೈನಲ್ಲಿ ಕೊಂಡ ರೈಫಲ್, ಪಿಸ್ತೂಲು: ಎಫ್‌ಎಫ್‌ಎಲ್ ಅಂಗಡಿಯಿಂದ ಬಿಡಿಸಿಕೊಳ್ಳೋದು ಹೇಗೆ? ಟೆಕ್ಸಸ್, ಗ್ರೀನ್ ಕಾರ್ಡ್

ಫ್ರಿಸ್ಕೊ ಹೊಸಬ

ಟೆಕ್ಸಸ್‌ನ ಫ್ರಿಸ್ಕೊ. ಗ್ರೀನ್ ಕಾರ್ಡ್ ಬಂದು ನಾಲ್ಕು ತಿಂಗಳು. ಎರಡು ಸಾಮಾನು ನೋಡಿಟ್ಟಿದ್ದೇನೆ: ಹರಾಜು ಸೈಟಿನಲ್ಲಿ ಒಹಾಯೊದ ಖಾಸಗಿ ಮಾರಾಟಗಾರರ ಹಳೇ .22 ಬೋಲ್ಟ್ ಆ್ಯಕ್ಷನ್ ರೈಫಲ್, ಮತ್ತೆ ಆನ್‌ಲೈನ್ ಅಂಗಡಿಯಲ್ಲಿ ಹೊಸ 9 ಎಂಎಂ ಪಿಸ್ತೂಲು. ಎರಡೂ ಮನೆಗೆ ಬರಲ್ಲ, ಫೆಡರಲ್ ಬಂದೂಕು ಲೈಸೆನ್ಸ್ (ಎಫ್‌ಎಫ್‌ಎಲ್) ಇರುವ ಡೀಲರ್ ಹತ್ತಿರ ಹೋಗಿ ತಗೋಬೇಕು ಅನ್ನೋವರೆಗೆ ಗೊತ್ತು.

ಡೀಲರನ್ನ ಮೊದಲು ಹಿಡಿಯಬೇಕೋ, ಆರ್ಡರ್ ಮೊದಲೋ? ಡ್ರೈವಿಂಗ್ ಲೈಸೆನ್ಸಲ್ಲಿ ಇನ್ನೂ ಇರ್ವಿಂಗ್‌ನ ಹಳೇ ವಿಳಾಸ ಇದೆ, ಜೊತೆಗೆ "ಲಿಮಿಟೆಡ್ ಟರ್ಮ್" ಅಂತ ಅಚ್ಚಾಗಿದೆ. ಗ್ರೀನ್ ಕಾರ್ಡಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿದೆ, ಲೈಸೆನ್ಸಲ್ಲಿ ಬರೀ ಇನಿಷಿಯಲ್. ಇದರಿಂದ ತೊಂದರೆ ಆಗುತ್ತಾ? ಒಟ್ಟು ಎಷ್ಟು ದಿನ ಹಿಡಿಯುತ್ತೆ?

ಕೌಂಟರ್ ಹಿಂದಿನವ

ಡೀಲರ್ ಮೊದಲು, ಆರ್ಡರ್ ಆಮೇಲೆ. ತಿರುಗಾಮುರುಗಾ ಮಾಡಿದವರ ಪಾರ್ಸೆಲ್ಲು ಅಂಗಡಿ ಬಾಗಿಲಿಂದಲೇ ವಾಪಸ್ ಹೋಗುತ್ತೆ.

ನೀವು ಸೈಟಿನಲ್ಲಿ ಕೊಡೋದು ದುಡ್ಡು ಮಾತ್ರ. ಕಾನೂನಿನ ಲೆಕ್ಕದಲ್ಲಿ ಬಂದೂಕು ನಿಮ್ಮ ಕೈಗೆ ಬರೋದು ನಿಮ್ಮೂರಿನ ಕೌಂಟರಲ್ಲಿ. 1968ರ ಗನ್ ಕಂಟ್ರೋಲ್ ಕಾಯ್ದೆ ಬಂದಾಗಿನಿಂದ ಬೇರೆ ರಾಜ್ಯದ ಬಂದೂಕು ನೇರ ಮನೆಗೆ ಬರೋ ದಾರಿ ಮುಚ್ಚಿದೆ. ಹಾಗಾಗಿ ಡೀಲರು ಬರೀ ಪಾರ್ಸೆಲ್ ಇಟ್ಟುಕೊಳ್ಳೋ ಅಂಗಡಿಯವನಲ್ಲ. ಬಂದೂಕು ಅವನ ದಾಖಲೆ ಪುಸ್ತಕಕ್ಕೆ ಹತ್ತಿ, ಅಲ್ಲಿಂದ ಇಳಿದು ನಿಮಗೆ ಬರಬೇಕು. ನಡುವೆ ಏನು ತಪ್ಪಿದರೂ ಲೈಸೆನ್ಸ್ ಹೋಗೋದು ಅವನದು. ಕೌಂಟರಲ್ಲಿ ಅವರು ಬಿಗಿಯಾಗಿರೋದು ಅದಕ್ಕೇ.

ಫೋನ್ ಮಾಡಿ ಇಷ್ಟು ಕೇಳಿ. ಟ್ರಾನ್ಸ್‌ಫರ್, ಅಂದರೆ ಬೇರೆ ಕಡೆ ಕೊಂಡ ಬಂದೂಕು ತರಿಸಿಕೊಂಡು ನನ್ನ ಹೆಸರಿಗೆ ಕೊಡೋ ಕೆಲಸ, ತಗೋತೀರಾ, ಶುಲ್ಕ ಎಷ್ಟು? ಸಾಮಾನ್ಯವಾಗಿ 20ರಿಂದ 50 ಡಾಲರ್. ಅದೇ ಮಾಡೆಲ್ ತಾವೇ ಮಾರೋ ಅಂಗಡಿಗಳು ಕೆಲವೊಮ್ಮೆ ಬೇಕೆಂದೇ ಜಾಸ್ತಿ ಹೇಳ್ತಾರೆ, ಬೇಜಾರು ಮಾಡ್ಕೋಬೇಡಿ, ಮುಂದಿನ ಅಂಗಡಿ ನೋಡಿ. ಎರಡು ಬಂದೂಕು ಒಟ್ಟಿಗೆ ತಗೊಂಡರೆ ಎರಡನೆಯದಕ್ಕೆ ಕಡಿಮೆಯಾ? ಎಷ್ಟು ದಿನ ಆದಮೇಲೆ ಬಾಡಿಗೆ ಹಾಕ್ತೀರಾ? ಕೊನೆಯದು ನಿಮಗೆ ಮುಖ್ಯ: ಲೈಸೆನ್ಸ್ ಇಲ್ಲದ ಖಾಸಗಿಯವರು ಕಳಿಸಿದ ಪಾರ್ಸೆಲ್ ತಗೋತೀರಾ? ಖಾಸಗಿಯವರು ಬೇರೆ ರಾಜ್ಯದ ಡೀಲರ್‌ಗೆ ರೈಫಲ್ ಅಂಚೆಯಲ್ಲಿ ಕಳಿಸೋಕೆ ಕಾನೂನಿನಲ್ಲಿ ಅಡ್ಡಿ ಇಲ್ಲ, ಆದರೆ ಸುಮಾರು ಅಂಗಡಿಯವರು "ಡೀಲರಿಂದ ಡೀಲರಿಗೆ ಮಾತ್ರ" ಅಂತಾರೆ. ಯುಪಿಎಸ್, ಫೆಡೆಕ್ಸ್‌ನವರಂತೂ ಖಾಸಗಿಯವರ ಬಂದೂಕು ಪಾರ್ಸೆಲ್ ಮುಟ್ಟಲ್ಲ. ಅಂಗಡಿ ಒಲ್ಲೆ ಅಂದರೆ ಒಹಾಯೊದವರು ತಮ್ಮೂರಿನ ಡೀಲರ್ ಮೂಲಕ ಕಳಿಸಬೇಕು. ಆ ಖರ್ಚು ಯಾರದು ಅನ್ನೋದು ಹರಾಜು ಕೂಗೋ ಮೊದಲೇ ಮೆಸೇಜಲ್ಲಿ ಬರೆಸಿಕೊಳ್ಳಿ.

ಅಂಗಡಿ ಒಪ್ಪಿದ ಮೇಲೆ ತಮ್ಮ ಲೈಸೆನ್ಸ್ ಪ್ರತಿಯನ್ನ ಮಾರಾಟಗಾರರಿಗೆ ಇಮೇಲ್ ಮಾಡ್ತಾರೆ. ಮಾರಾಟಗಾರರು ಡೀಲರ್ ಲೈಸೆನ್ಸ್ ಕೊಡೋ ಫೆಡರಲ್ ಸಂಸ್ಥೆ ಎಟಿಎಫ್‌ನ ಈಝಡ್ ಚೆಕ್ ಪುಟದಲ್ಲಿ ಲೈಸೆನ್ಸ್ ನಂಬರಿನ ಮೊದಲ ಮೂರು, ಕೊನೆಯ ಐದು ಅಂಕಿ-ಅಕ್ಷರ ಹಾಕಿ ನೋಡಬೇಕು. ಅಲ್ಲಿ ಬರೋ ವಿಳಾಸಕ್ಕೇ ಪೆಟ್ಟಿಗೆ ಹೋಗಬೇಕು.

ಪೆಟ್ಟಿಗೆ ಒಳಗೆ ಒಂದು ಚೀಟಿ ಇರಲಿ: ನಿಮ್ಮ ಹೆಸರು, ಫೋನ್, ಆರ್ಡರ್ ನಂಬರ್. ಖಾಸಗಿಯವರಾದರೆ ಅವರ ಡ್ರೈವಿಂಗ್ ಲೈಸೆನ್ಸ್ ಪ್ರತಿಯೂ ಬೇಕು. ಬಂದೂಕು ಬಂದ ಮಾರನೇ ವ್ಯವಹಾರದ ದಿನ ಮುಗಿಯೋದರೊಳಗೆ ಯಾರಿಂದ ಬಂತು ಅಂತ ಹೆಸರು ವಿಳಾಸ ಸಮೇತ ಡೀಲರ್ ಪುಸ್ತಕದಲ್ಲಿ ಬರೀಬೇಕು. ಚೀಟಿಯೇ ಇಲ್ಲದ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ ಅನಾಥವಾಗಿ ಕೂತಿರುತ್ತೆ, ನೀವು ಅತ್ತ ಟ್ರ್ಯಾಕಿಂಗ್ ನೋಡ್ಕೊಂಡು "ಡೆಲಿವರ್ ಆಗಿದೆಯಲ್ಲ" ಅಂತ ಕಾಯ್ತಿರ್ತೀರಿ. ತಡಕ್ಕೆ ನಾ ಕಂಡ ದೊಡ್ಡ ಕಾರಣ ಇದೇ.

ವಿಳಾಸದ ವಿಷಯ. ಫೋಟೊ ಇರೋ ಸರ್ಕಾರಿ ಗುರುತಿನ ಚೀಟಿಯಲ್ಲಿ ಈಗ ವಾಸ ಇರೋ ಮನೆಯ ವಿಳಾಸ ಬೇಕು. ಲೈಸೆನ್ಸಲ್ಲಿ ಹಳೇದಿದ್ದರೆ ಹೊಸ ವಿಳಾಸ ಇರೋ ಇನ್ನೊಂದು ಸರ್ಕಾರಿ ದಾಖಲೆ ಜೊತೆಗಿಟ್ಟರೆ ನಡೆಯುತ್ತೆ, ಕಾರಿನ ರಿಜಿಸ್ಟ್ರೇಷನ್ ಥರದ್ದು. ಬ್ಯಾಂಕ್ ಸ್ಟೇಟ್‌ಮೆಂಟು, ಖಾಸಗಿ ಕಂಪನಿಯ ಕರೆಂಟ್ ಬಿಲ್ಲು ನಡೆಯಲ್ಲ. ಪಿಒ ಬಾಕ್ಸೂ ಇಲ್ಲ. ಹೇಗೂ ಟೆಕ್ಸಸ್‌ನಲ್ಲಿ ಮನೆ ಬದಲಿಸಿದ 30 ದಿನದೊಳಗೆ ಲೈಸೆನ್ಸ್ ತಿದ್ದಿಸಬೇಕು ಅನ್ನೋದು ನಿಯಮ. ಹೋದಾಗ ಗ್ರೀನ್ ಕಾರ್ಡ್ ತೋರಿಸಿ "ಲಿಮಿಟೆಡ್ ಟರ್ಮ್" ಕೂಡ ತೆಗೆಸಿಬಿಡಿ. ಆ ಎರಡು ಪದ ಕಂಡ ತಕ್ಷಣ ಕೌಂಟರ್ ಹುಡುಗ ಮ್ಯಾನೇಜರನ್ನ ಕರೀತಾನೆ.

ಇನ್ನು 4473 ಫಾರ್ಮ್, ಡೀಲರಿಂದ ಬಂದೂಕು ತಗೊಳ್ಳುವಾಗ ತುಂಬೋ ಎಟಿಎಫ್ ಫಾರ್ಮ್. ಮೊದಲ ಭಾಗ ಡೀಲರ್ ತುಂಬ್ತಾರೆ: ತಯಾರಕ, ಮಾಡೆಲ್, ಸೀರಿಯಲ್, ಕ್ಯಾಲಿಬರ್. ಎರಡನೆಯದು ನಿಮ್ಮದು, ನೀವೇ ತುಂಬಬೇಕು. ಹೆಸರಿನ ಜಾಗದಲ್ಲಿ ನಮ್ಮವರು ಎಡವೋದು ಜಾಸ್ತಿ. ಪೂರ್ತಿ ಕಾನೂನುಬದ್ಧ ಹೆಸರು ಬರೀಬೇಕು. ಇನಿಷಿಯಲ್ಲೇ ನಿಮ್ಮ ಪೂರ್ತಿ ಹೆಸರಿನ ಭಾಗ ಆಗಿದ್ದರೆ ಮುಂದೆ "ಐಓ", ಅಂದರೆ ಬರೀ ಇನಿಷಿಯಲ್, ಅಂತ ಸೇರಿಸಿ. ಮಧ್ಯದ ಹೆಸರೇ ಇಲ್ಲದಿದ್ದರೆ "ಎನ್‌ಎಂಎನ್". ನಿಮ್ಮ ವಿಷಯದಲ್ಲಿ ಇನಿಷಿಯಲ್ ಬಿಡಿಸಿದ ರೂಪ ಗ್ರೀನ್ ಕಾರ್ಡಲ್ಲಿ ಇರೋದರಿಂದ ಅದೇ ಬರೀರಿ, ಲೈಸೆನ್ಸನ್ನೂ ಅದಕ್ಕೇ ಸರಿಹೊಂದಿಸಿ. ಹುಟ್ಟಿದ ಸ್ಥಳಕ್ಕೆ ದೇಶ ಬರೆದರೆ ಸಾಕು, ತಾಲೂಕು ಹೋಬಳಿ ಯಾರೂ ಕೇಳಲ್ಲ. ಗ್ರೀನ್ ಕಾರ್ಡಿನ ಯುಎಸ್‌ಸಿಐಎಸ್ ನಂಬರ್ ಕಡ್ಡಾಯ, ಕಾರ್ಡ್ ಮರೆಯದೆ ಒಯ್ಯಿರಿ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಐಚ್ಛಿಕ, ಆದರೂ ಬರೀರಿ. ಕುಮಾರ್, ರಾವ್, ಗೌಡ ಅಂತ ಒಂದೇ ಹೆಸರಿನವರು ಎಷ್ಟು ಜನ ಇದ್ದಾರೆ, ಬೇರೆ ಯಾರದೋ ಕೇಸಿಗೆ ನಿಮ್ಮನ್ನ ಹೊಂದಿಸದಿರಲಿ ಅಂತ.

ಆಮೇಲೆ ಎಫ್‌ಬಿಐನ ನಿಕ್ಸ್ ತಪಾಸಣೆ, ಅಂದರೆ ನಿಮ್ಮ ಹಿನ್ನೆಲೆ ನೋಡೋದು. ಬರೋ ಉತ್ತರ ಮೂರೇ: ಪ್ರೊಸೀಡ್ (ಕೊಡಬಹುದು), ಡಿಲೇ (ಇನ್ನೂ ನೋಡಬೇಕು), ಡಿನೈ (ಕೊಡುವ ಹಾಗಿಲ್ಲ). ಪ್ರೊಸೀಡ್ ಬಂದರೆ ಟೆಕ್ಸಸ್‌ನಲ್ಲಿ ಕಾಯೋ ಅವಧಿ ಇಲ್ಲ, ಅವತ್ತೇ ಒಯ್ಯಬಹುದು. ಡಿಲೇ ಬಂದರೆ ಮೂರು ವ್ಯವಹಾರದ ದಿನ, ಕೇಳಿದ ದಿನ ಲೆಕ್ಕಕ್ಕಿಲ್ಲ. ಶುಕ್ರವಾರ ಕೇಳಿದ್ದಾದರೆ ಸೋಮ, ಮಂಗಳ, ಬುಧ ಕಳೆದು ಗುರುವಾರ. ಅಷ್ಟರಲ್ಲಿ ಉತ್ತರ ಬರದಿದ್ದರೂ ಫೆಡರಲ್ ಕಾನೂನು ಕೊಡಬಹುದು ಅನ್ನುತ್ತೆ, ಕೊಡಲೇಬೇಕು ಅನ್ನಲ್ಲ. ಎಷ್ಟೋ ಅಂಗಡಿಯವರು ಪ್ರೊಸೀಡ್ ಬರೋವರೆಗೆ ಕೊಡಲ್ಲ, ಇದನ್ನೂ ಮೊದಲೇ ಕೇಳಿ. ಬೇರೆ ದಿನ ಬಂದು ಒಯ್ಯೋದಾದರೆ ಫಾರ್ಮಲ್ಲಿ ಮತ್ತೊಮ್ಮೆ ಸಹಿ. ತಪಾಸಣೆ ಶುರುವಾದ ದಿನದಿಂದ 30 ದಿನ ದಾಟಿದರೆ ಎಲ್ಲ ಹೊಸದಾಗಿ. 21 ತುಂಬದವರಿಗೆ 2022ರ ಕಾನೂನಿನಿಂದ ಹೆಚ್ಚಿನ ತಪಾಸಣೆ ಇದೆ, ಅದು ಹತ್ತು ವ್ಯವಹಾರದ ದಿನದವರೆಗೂ ಎಳೀಬಹುದು. ಡೀಲರಿಂದ ಪಿಸ್ತೂಲು ತಗೊಳ್ಳೋಕಂತೂ ಫೆಡರಲ್ ಕಾಯ್ದೆ ಪ್ರಕಾರ 21 ಆಗಿರಬೇಕು.

ಪ್ರತಿ ಸಲ ಡಿಲೇ ಬೀಳ್ತಿದ್ದರೆ ಎಫ್‌ಬಿಐಗೆ ವಿಎಎಫ್ ಅರ್ಜಿ ಹಾಕಿ, ನಿಮ್ಮ ಗುರುತಿನ ವಿವರ ಅವರ ಕಡತದಲ್ಲಿ ಇಟ್ಟುಕೊಳ್ಳೋಕೆ. ಒಪ್ಪಿದರೆ ಯುಪಿನ್ ಅನ್ನೋ ನಂಬರ್ ಕೊಡ್ತಾರೆ. 4473ರಲ್ಲಿ ಅದಕ್ಕೇ ಒಂದು ಜಾಗ ಇದೆ.

ವೀಸಾ ಪುರಾಣ

ಮೇಲಿನದು ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ. ಓದ್ತಿರೋರಲ್ಲಿ ಎಚ್-1ಬಿ, ಎಲ್-1, ಎಚ್-4, ಎಫ್-1 ಜನವೇ ಜಾಸ್ತಿ ಇರಬಹುದು, ಅವರಿಗಾಗಿ.

ಈ ವೀಸಾಗಳಲ್ಲಿ ಬಂದವರು ಬಂದೂಕು ಕೊಳ್ಳೋದಷ್ಟೇ ಅಲ್ಲ, ಕೈಯಲ್ಲಿ ಹಿಡಿಯೋದೂ ಫೆಡರಲ್ ಕಾನೂನಿನಲ್ಲಿ ನಿಷೇಧ. ಎಲ್ಲರೂ ಬಳಸೋ ವಿನಾಯಿತಿ ಯಾವುದಾದರೂ ರಾಜ್ಯದ ಚಾಲ್ತಿಯ ಬೇಟೆ ಲೈಸೆನ್ಸು. ಡೀಲರ್ ಅದರ ಪ್ರತಿ 4473ಕ್ಕೆ ಲಗತ್ತಿಸ್ತಾರೆ, ಐ-94 (ದೇಶದೊಳಗೆ ಬಂದ ದಾಖಲೆ) ನಂಬರ್ ಬರೀತೀರಿ. ಮರೆಯೋದೆಲ್ಲಿ ಅಂದರೆ: ಟೆಕ್ಸಸ್‌ನ 25 ಡಾಲರಿನ ನಿವಾಸಿ ಬೇಟೆ ಲೈಸೆನ್ಸು ಯಾವಾಗ ತಗೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತೆ. ಜೂನ್‌ನಲ್ಲಿ ತಗೊಂಡು ಒಂದು ವರ್ಷ ಇದೆ ಅಂದುಕೊಂಡರೆ ಸೆಪ್ಟೆಂಬರ್ 1ರ ಬೆಳಗ್ಗೆ ಕಪಾಟಿನಲ್ಲಿರೋ ಬಂದೂಕೇ ಅಪರಾಧ. ಫೋನಲ್ಲಿ ಅಲಾರಂ ಇಡಿ. ಇಎಡಿ ಕಾರ್ಡ್ (ಕೆಲಸದ ಪರವಾನಗಿ) ಬಂದ ಮಾತ್ರಕ್ಕೆ ಏನೂ ಬದಲಾಗಲ್ಲ. ಕೊಡಗಿನವರಿಗೆ ಊರಲ್ಲಿರೋ ವಿನಾಯಿತಿ ಪತ್ರಕ್ಕೂ ಇಲ್ಲಿ ಬೆಲೆ ಇಲ್ಲ.

"ನೀನು ನಿನ್ನ ಹೆಸರಲ್ಲಿ ತಗೊ, ದುಡ್ಡು ನಂದು" ಅಂತ ಗೆಳೆಯ ಕೇಳಿದರೆ ಖಡಾಖಂಡಿತ ಇಲ್ಲ ಅನ್ನಿ. 4473ರ 21ಎ ಪ್ರಶ್ನೆ ಅದೇ: ನಿಜವಾದ ಕೊಳ್ಳುವವರು ನೀವೇನಾ? ಸುಳ್ಳು ಬರೆದರೆ ಸ್ಟ್ರಾ ಪರ್ಚೇಸ್, 2022ರಿಂದ 15 ವರ್ಷದವರೆಗೆ ಜೈಲು. ಜೊತೆಗೆ ಬಂದೂಕಿನ ಅಪರಾಧ ಗ್ರೀನ್ ಕಾರ್ಡ್ ಇರೋರನ್ನೂ ಗಡೀಪಾರಿಗೆ ತಳ್ಳುತ್ತೆ. ಗಾಂಜಾ ಬಳಸ್ತೀರಾ ಅನ್ನೋ ಪ್ರಶ್ನೆಗೂ ಸುಳ್ಳು ಬರೀಬೇಡಿ. ರಾಜ್ಯದಲ್ಲಿ ಕಾನೂನುಬದ್ಧ ಆಗಿದ್ದರೂ ಫೆಡರಲ್ ಲೆಕ್ಕ ಬೇರೆ ಅಂತ ಫಾರ್ಮಲ್ಲೇ ಅಚ್ಚು ಹಾಕಿದ್ದಾರೆ.

ಬೇ ಏರಿಯಾ ಬಸಣ್ಣ

ಕ್ಯಾಲಿಫೋರ್ನಿಯಾದವರು ಇದನ್ನ ಓದಿ ಟೆಕ್ಸಸ್ ಥರ ಆರ್ಡರ್ ಮಾಡಬೇಡಿ. ಪಿಸ್ತೂಲು ರಾಜ್ಯದ ರೋಸ್ಟರ್‌ನಲ್ಲಿ (ಮಾರಬಹುದಾದ ಪಿಸ್ತೂಲುಗಳ ಪಟ್ಟಿ) ಇಲ್ಲದಿದ್ದರೆ ಇಲ್ಲಿನ ಡೀಲರ್ ಹೊರಗಿಂದ ತರಿಸಿ ನಿಮಗೆ ಕೊಡೋ ಹಾಗಿಲ್ಲ. ಒಂದೇ ಮಾಡೆಲ್ಲಿನ ಒಂದು ಬಣ್ಣ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು, ಆದ್ದರಿಂದ ಪೂರ್ತಿ ಮಾಡೆಲ್ ನಂಬರ್ ಹೋಲಿಸಿ. ಹೊರರಾಜ್ಯದ ಡೀಲರ್ ಕಳಿಸೋ ಮೊದಲು ಕ್ಯಾಲಿಫೋರ್ನಿಯಾ ಸರ್ಕಾರದ ಸಿಎಫ್‌ಎಲ್‌ಸಿ ವ್ಯವಸ್ಥೆಯಲ್ಲಿ ಅನುಮೋದನೆ ನಂಬರ್ ತಗೋಬೇಕು, ಅದು ಗೊತ್ತಿಲ್ಲದವರು "ಕ್ಯಾಲಿಫೋರ್ನಿಯಾಗೆ ಕಳಿಸಲ್ಲ" ಅಂತ ಕೈ ತೊಳ್ಕೋತಾರೆ. ಎಫ್‌ಎಸ್‌ಸಿ ಕಾರ್ಡು (ಬಂದೂಕು ಸುರಕ್ಷತೆಯ ಪ್ರಮಾಣಪತ್ರ) 25 ಡಾಲರ್, ಡಿಆರ್‌ಒಎಸ್ (ರಾಜ್ಯದ ಮಾರಾಟ ದಾಖಲೆ ಶುಲ್ಕ) 37 ಡಾಲರ್ 19 ಸೆಂಟ್, ಅಂಗಡಿ ಶುಲ್ಕ ಬೇರೆ. ತಪಾಸಣೆ ಎರಡೇ ನಿಮಿಷದಲ್ಲಿ ಮುಗಿದರೂ ಹತ್ತು ದಿನ ಕಾಯಲೇಬೇಕು. 30 ದಿನದೊಳಗೆ ಒಯ್ಯದಿದ್ದರೆ ಮತ್ತೆ ಮೊದಲಿಂದ.

ಫ್ರಿಸ್ಕೊ ಹೊಸಬ

ತುಂಬಾ ಉಪಕಾರ. ಮೊದಲು ಲೈಸೆನ್ಸ್ ಸರಿ ಮಾಡಿಸ್ತೀನಿ. ಇನ್ನೊಂದು: ರೈಫಲ್ ಹಳೇದು. ಸಾಮಾನು ಕೆಟ್ಟಿದ್ದರೆ ಅಂಗಡಿಯಲ್ಲೇ ಬೇಡ ಅನ್ನಬಹುದಾ?

ಕೌಂಟರ್ ಹಿಂದಿನವ

ಅನ್ನಬಹುದು, ಆದರೆ 4473ಕ್ಕೆ ಪೆನ್ ಮುಟ್ಟಿಸೋ ಮೊದಲು. ಟ್ರಾನ್ಸ್‌ಫರ್ ಆದಮೇಲೆ ಅದು ನಿಮ್ಮ ಬಳಸಿದ ಬಂದೂಕು, ಹೆಚ್ಚಿನ ಮಾರಾಟಗಾರರು ವಾಪಸ್ ತಗೊಳಲ್ಲ.

ಟಾರ್ಚ್ ಒಯ್ಯಿರಿ. ಮೊದಲು ಸೀರಿಯಲ್ ನಂಬರ್: ರಿಸೀವರಿನ (ಬೋಲ್ಟ್ ಕೂರುವ ಲೋಹದ ಭಾಗ) ಮೇಲಿರೋದು, ಪುಸ್ತಕದಲ್ಲಿ ಬರೆದಿರೋದು, ಫಾರ್ಮಲ್ಲಿರೋದು ಮೂರೂ ಒಂದೇನಾ? ಸೊನ್ನೆಗೆ ಓ ಬರೆದಿರೋದು ಎಷ್ಟೋ ಸಲ ಸಿಗುತ್ತೆ. ಆಮೇಲೆ ಬೋಲ್ಟ್ ಹೊರಗೆ ತೆಗೆಸಿ ಹಿಂದಿಂದ ನಳಿಗೆ ನೋಡಿ. .22 ರಿಮ್‌ಫೈರ್‌ನಲ್ಲಿ (ಪಿನ್ನು ಕಾಡತೂಸಿನ ಅಂಚಿಗೆ ಬಡಿಯೋ ಬಗೆ) ಮುಖ್ಯವಾಗಿ ಚೇಂಬರಿನ, ಅಂದರೆ ಕಾಡತೂಸು ಕೂರೋ ಜಾಗದ, ಅಂಚು ನೋಡಬೇಕು. ಕಾಡತೂಸಿಲ್ಲದೆ ಟಿಕ್ ಟಿಕ್ ಅಂತ ಟ್ರಿಗರ್ ಎಳೆದೂ ಎಳೆದೂ ಫೈರಿಂಗ್ ಪಿನ್ನು ಅಂಚಿಗೇ ಬಡಿದು ಸಣ್ಣ ಗುಳಿ ಬಿದ್ದಿರುತ್ತೆ, ಆ ಲೋಹ ಒಳಕ್ಕೆ ಉಬ್ಬಿ ಖಾಲಿ ಕಾಡತೂಸು ಹೊರಬರೋಕೆ ಹಟ ಮಾಡುತ್ತೆ. ಉಗುರಿನ ತುದಿಗೆ ತಾಗುತ್ತೆ. ಮರದ ಹಿಡಿಯ ಸಣ್ಣ ಭಾಗ, ಟ್ರಿಗರ್ ಗಾರ್ಡಿನ ಹಿಂದೆ, ಸಾಗಣೆಯಲ್ಲಿ ಸೀಳೋ ಜಾಗ. ಸ್ಕೋಪ್ ಕೂರಿಸಿಯೇ ಕಳಿಸಿದ್ದರೆ ಇನ್ನೂ ಗಮನ ಇಟ್ಟು ನೋಡಿ, ಬಿಚ್ಚಿ ಬೇರೆ ಸುತ್ತಿ ಕಳಿಸಿ ಅಂತ ಮೊದಲೇ ಹೇಳಿ. ಪಿಸ್ತೂಲಲ್ಲಿ ಮ್ಯಾಗಝೀನ್ ಎಷ್ಟು ಅಂತ ಎಣಿಸಿ, ಬೀಗ ಬಂದಿದೆಯಾ ನೋಡಿ. ಡೀಲರ್ ಪಿಸ್ತೂಲಿನ ಜೊತೆ ಬೀಗವನ್ನೋ ಭದ್ರ ಪೆಟ್ಟಿಗೆಯನ್ನೋ ಕೊಡಲೇಬೇಕು.

ಬೇಡ ಅಂದರೆ ಡೀಲರೇ ವಾಪಸ್ ಕಳಿಸ್ತಾರೆ, ಸಾಗಣೆ ಖರ್ಚು ನಿಮ್ಮದು, ಮಾರಾಟಗಾರರು ರೀಸ್ಟಾಕಿಂಗ್ ಶುಲ್ಕ ಮುರಿದುಕೊಳ್ಳಬಹುದು. ತಪಾಸಣೆ ಡಿನೈ ಆದರೂ ದಾರಿ ಇದೇ. ಆಗ ಎನ್‌ಟಿಎನ್, ಅಂದರೆ ಆ ನಿಕ್ಸ್ ತಪಾಸಣೆಯ ನಂಬರ್, ಬರೆದುಕೊಳ್ಳಿ, ಅದಿಲ್ಲದೆ ಎಫ್‌ಬಿಐಗೆ ಮೇಲ್ಮನವಿ ಹೋಗಲ್ಲ.

ವೀಸಾ ಪುರಾಣ

ತಗೊಂಡ ಮೇಲಿನ ಎರಡು ಮಾತು. ಊರಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪನಿಗೆ ಶೂಟಿಂಗ್ ರೇಂಜಲ್ಲಿ "ಒಂದು ಗುಂಡು ಹೊಡೀರಿ" ಅಂತ ಕೊಡಬೇಡಿ, ಮೇಲೆ ಹೇಳಿದ ನಿಷೇಧ ಅವರಿಗೂ ಅನ್ವಯ. ಇನ್ನೊಂದು, ರೇಂಜಿಗೆ ಒಯ್ಯೋ ಚೀಲ ಬೇರೆ, ಬೆಂಗಳೂರು ವಿಮಾನಕ್ಕೆ ಒಯ್ಯೋ ಚೀಲ ಬೇರೆ ಇರಲಿ. ಹೊಲಿಗೆ ಸಂದಿಯಲ್ಲಿ ಸಿಕ್ಕಿಕೊಂಡ ಒಂದೇ ಒಂದು .22 ಕಾಡತೂಸು ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಗೆ ಕಂಡರೆ 1959ರ ಆರ್ಮ್ಸ್ ಆ್ಯಕ್ಟ್ ಕೇಸು. ಟೆಕ್ಸಸ್‌ನಲ್ಲಿ ಕೊಂಡ ರಸೀತಿ ಅಲ್ಲಿ ಯಾರೂ ನೋಡಲ್ಲ.